ಕೊಚ್ಚಣ್ಣ ಕಡಿದ ಹಗ್ಗ

ನೌಕಾ ಸಂಗ್ರಹಾಲಯದಿಂದ ಕಾಗದ ಬಂದ ದಿನದಿಂದ ಕ್ಯಾಪ್ಟನ್ ಒಂದು ಕಡೆ ಕೂತವರಲ್ಲ. ಪತ್ರಿಕೆ ಬಿಡಿಸಿದರೆ ಮೊದಲ ಪುಟ ಮುಗಿಯುವ ಮೊದಲೇ ಎದ್ದು ಕಿಟಕಿಯ ಚಿಲಕ ನೋಡಿ ಬರುವರು. ಚಿಲಕ ಆದ ಮೇಲೆ ಸ್ನಾನದ ಮನೆಯ ನಲ್ಲಿ. ನಲ್ಲಿ ಆದ ಮೇಲೆ ಗೋಡೆ ಗಡಿಯಾರ. ಅದು ಅರ್ಧ ನಿಮಿಷ ಹಿಂದಿದೆಯೆಂದು ಕುರ್ಚಿ ಹತ್ತಿ ಸರಿಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತುವರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಔಷಧಿ ಅಂಗಡಿಯವನಿಂದ ಹಿಡಿದು ಅಂಚೆಯವನವರೆಗೆ ಬೀದಿಗೆಲ್ಲ ಅವರು ಕ್ಯಾಪ್ಟನ್ನೇ.

ಅವರ ಹೆಂಡತಿ ಮೂವತ್ತು ವರ್ಷ ದೂರವಾಣಿ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು. ಜನ ಹೇಳಿದ್ದಕ್ಕಿಂತ ಹೇಳದೆ ನುಂಗಿದ್ದು ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ಕಾಫಿ ಲೋಟ ಅರ್ಧಕ್ಕೆ ಬಿಟ್ಟು ಗಂಡ ಮೂರನೆಯ ಸಲ ಎದ್ದಾಗ ತಡೆಯಲಾಗಲಿಲ್ಲ.

"ಏನ್ರೀ ಇದು, ಅಂಡು ಸುಟ್ಟ ಬೆಕ್ಕಿನ ಹಾಗೆ? ಅವರು ಪದಕ ಕೇಳಿರೋದು, ಕಿಡ್ನಿ ಅಲ್ಲ."

"ನಾನೇನು ಕೊಡಲ್ಲ ಅಂದ್ನಾ?"

"ಕೊಡ್ತೀನಿ ಅಂತಾನೂ ಅಂದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆಡ್ತಿದ್ದೀರಿ."

ಕಾಗದದಲ್ಲಿ ಇದ್ದದ್ದು ಇಷ್ಟೇ. ಸಂಗ್ರಹಾಲಯದಲ್ಲಿ ಹಳೆಯ ಅಧಿಕಾರಿಗಳಿಗಾಗಿ ಒಂದು ಕೋಣೆ ಮಾಡುತ್ತಿದ್ದಾರೆ. ಕ್ಯಾಪ್ಟನ್ನರ ನಲವತ್ತು ವರ್ಷದ ಸೇವೆಯ ವಿವರ, ಅವರ ಏಳು ಪದಕಗಳು ಗಾಜಿನ ಪೆಟ್ಟಿಗೆಯಲ್ಲಿರುತ್ತವೆ, ಪಕ್ಕದಲ್ಲಿ ಒಂದು ಬೋರ್ಡು. ವಿವರ ಬರೆದುಕೊಳ್ಳಲು ಒಬ್ಬರು ಮನೆಗೆ ಬರುತ್ತಾರೆ.

ಏಳು ಪದಕಗಳೆಂದರೆ ಕೇಳುವವರಿಗೆ ಏಳು ಯುದ್ಧಗಳೆನಿಸುತ್ತದೆ. ಹಾಗೇನಿರಲಿಲ್ಲ. ಹದಿನೆಂಟಕ್ಕೆ ನೌಕಾಪಡೆ ಸೇರಿದ ಹುಡುಗ ಮೊದಲ ಮೂರು ತಿಂಗಳು ಕಂಡದ್ದು ಸಮುದ್ರವನ್ನಲ್ಲ, ವಾಂತಿಯ ಬಕೆಟ್ಟನ್ನು. ಆಮೇಲೆ ಹೊಟ್ಟೆ ಒಗ್ಗಿತು, ನಕ್ಷೆ ಓದುವ ಕೆಲಸ ಕೈ ಹಿಡಿಯಿತು. ಹಡಗಿನ ಮೇಲೆ ಇಷ್ಟು ವರ್ಷ ಕಳೆದದ್ದಕ್ಕೆ ಒಂದು ಪದಕ, ಒಂಬತ್ತು ವರ್ಷ ತಪ್ಪಿಲ್ಲದೆ ದುಡಿದದ್ದಕ್ಕೆ ಒಂದು, ಇಪ್ಪತ್ತು ವರ್ಷಕ್ಕೆ ಇನ್ನೊಂದು. ನೌಕಾಪಡೆಗೆ ಐವತ್ತು ತುಂಬಿದ ದಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆಲ್ಲ ಒಂದೊಂದು ಕೊಟ್ಟಿದ್ದರು. ಅಡುಗೆಯವನಿಗೂ ಬಂದಿತ್ತು, ಇವರಿಗೂ ಬಂದಿತ್ತು. ಪ್ರವಾಹದಲ್ಲಿ ಮುಳುಗಿದ ಕರಾವಳಿಗೆ ಒಂದು ತಿಂಗಳು ಕುಡಿಯುವ ನೀರು ಸಾಗಿಸಿದ್ದಕ್ಕೆ ಐದನೆಯದು. ಆರನೆಯದು ಸಮುದ್ರದ ಆಳ ಅಳೆಯುವ ಹಡಗಿನಲ್ಲಿದ್ದಾಗ ಸಿಕ್ಕಿದ್ದು. ಯಾವ ನಕ್ಷೆಯಲ್ಲೂ ಇಲ್ಲದ ಒಂದು ಬಂಡೆಯನ್ನು, ನೀರಿನಿಂದ ನಾಲ್ಕೇ ಮೀಟರು ಕೆಳಗೆ, ಅವರು ಪತ್ತೆಮಾಡಿದ್ದರು. ಅದರ ಮಾತು ಬಂದರೆ ಇವತ್ತಿಗೂ ಅವರ ಮುಖ ಅರಳುತ್ತಿತ್ತು.

ಏಳನೆಯದು ಶೌರ್ಯ ಪದಕ. ಎದೆಯ ಮೇಲೆ ಅದಕ್ಕೇ ಮೊದಲ ಸ್ಥಾನ. ಅದರಿಂದಲೇ ಮುಂದಿನ ಬಡ್ತಿ, ದೊಡ್ಡ ಹಡಗು, ಬಂದರಿನಲ್ಲಿ ದೊಡ್ಡ ಮನೆ. ಅದರ ಮಾತು ಬಂದರೆ ಮಾತ್ರ ಕ್ಯಾಪ್ಟನ್ ಎದ್ದು ನೀರು ಕುಡಿಯಲು ಹೋಗುತ್ತಿದ್ದರು.

ಸಂಗ್ರಹಾಲಯದ ಮೇಡಂ ಬಂದದ್ದು ಬುಧವಾರ ಬೆಳಗ್ಗೆ. ಮೂವತ್ತೈದರ ಆಸುಪಾಸಿನ ಚುರುಕು ಹೆಂಗಸು. ಪದಕಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿಕೊಂಡು ಒಂದೊಂದರ ಅಂಚಿನಲ್ಲಿ ಕೆತ್ತಿದ ಹೆಸರು, ಸೇವಾ ಸಂಖ್ಯೆ ಬರೆದುಕೊಂಡಳು. ಬಂಡೆಯ ಕತೆ ಕೇಳಿ ಕಣ್ಣರಳಿಸಿದಳು. ಕೊನೆಗೆ ಚೀಲದಿಂದ ಒಂದು ಹಾಳೆ ತೆಗೆದಳು.

"ಇದು ಶೌರ್ಯ ಪದಕದ ಪ್ರಶಸ್ತಿ ಪತ್ರ ಸಾರ್. ಬೋರ್ಡಿಗೆ ಇದನ್ನೇ ಹಾಕ್ತೀವಿ. ಓದ್ತೀನಿ, ಸರಿ ಇದೆಯಾ ಹೇಳಿ." ಗಂಟಲು ಸರಿಮಾಡಿಕೊಂಡು ಓದಿದಳು. "ಹೊತ್ತಿ ಉರಿಯುತ್ತಿದ್ದ ಸರಕು ಹಡಗನ್ನು ತೈಲ ಸಂಗ್ರಹಾಗಾರದ ಬಳಿಯಿಂದ ಎಳೆದೊಯ್ಯುತ್ತಿದ್ದಾಗ ತಮ್ಮ ಗಸ್ತು ಹಡಗು ಮಗುಚುವ ಸ್ಥಿತಿ ಬಂದರೂ ಧೃತಿಗೆಡದೆ, ಕ್ಷಣಮಾತ್ರವೂ ಹಿಂಜರಿಯದೆ, ಎಳೆಹಗ್ಗವನ್ನು ಕಡಿಯಲು ಆಜ್ಞೆ ನೀಡಿ ಮೂವತ್ತನಾಲ್ಕು ಜೀವಗಳನ್ನು..."

"ಅದು ತಪ್ಪು," ಎಂದರು ಕ್ಯಾಪ್ಟನ್.

"ಮೂವತ್ತನಾಲ್ಕಲ್ವಾ ಸಾರ್?"

"ಜನ ಸರಿ. ಹಿಂಜರಿಯದೆ ಅನ್ನೋದು ತಪ್ಪು. ಆಜ್ಞೆ ಅನ್ನೋದೂ ತಪ್ಪು."

ಅವಳು ನಕ್ಕಳು. "ದೊಡ್ಡವರೆಲ್ಲ ಹೀಗೇ ಸಾರ್. ಕಳೆದ ವಾರ ಒಬ್ಬ ಅಡ್ಮಿರಲ್ ಮನೆಗೆ ಹೋಗಿದ್ದೆ, ಅವರೂ ‘ನಾನೇನೂ ಮಾಡಿಲ್ಲಮ್ಮ’ ಅಂದ್ರು."

ಕ್ಯಾಪ್ಟನ್ ಪದಕಗಳನ್ನು ಡಬ್ಬಿಗಳಿಗೆ ಸೇರಿಸಿದರು. "ಹದಿನೈದು ದಿನ ಬಿಟ್ಟು ಬಾಮ್ಮ," ಎಂದಷ್ಟೇ ಹೇಳಿ ಅವಳನ್ನು ಬಾಗಿಲವರೆಗೆ ಬಿಟ್ಟುಬಂದರು.

ಬಾಗಿಲು ಹಾಕಿ ತಿರುಗಿದರೆ ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದರು. "ಕೂತ್ಕೊಳ್ಳಿ. ಗಡಿಯಾರ ಆಮೇಲೆ ಸರಿಮಾಡುವಿರಂತೆ. ಹಗ್ಗ ಕಡಿ ಅಂತ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ."

ಮೂವತ್ತೊಂದು ವರ್ಷದ ನಂತರ ಆ ಮಾತು ಮೊದಲ ಸಲ ಅವರ ಬಾಯಿಂದ ಹೊರಗೆ ಬಂತು. ಆಮೇಲೆ ಉಳಿದದ್ದು ತಾನಾಗಿಯೇ ಬಂತು.

ಆಗ ಅವರಿಗೆ ಮೂವತ್ತಾರು. ಕೈಗೆ ಸಿಕ್ಕ ಮೊದಲ ಹಡಗು; ಚಿಕ್ಕ ಗಸ್ತು ಹಡಗು, ಮೂವತ್ತನಾಲ್ಕು ಜನ. ಒಂದು ಮಧ್ಯಾಹ್ನ ಬಂದರಿನ ಧಕ್ಕೆಯ ಕಟ್ಟೆಗೆ ಕಟ್ಟಿದ್ದ ಸರಕು ಹಡಗಿಗೆ ಬೆಂಕಿ ಬಿತ್ತು. ಅದರ ಕೆಲಸಗಾರರೆಲ್ಲ ಇಳಿದು ಓಡಿದ್ದರು. ಕೂಗಳತೆಯಲ್ಲಿ ಎಣ್ಣೆಯ ಟ್ಯಾಂಕುಗಳ ಸಾಲು, ಅದರಾಚೆ ಊರು. ಹಡಗುಗಳನ್ನು ಎಳೆಯುವ ಬಂದರಿನ ದೋಣಿಗಳು ದೂರದಲ್ಲಿದ್ದವು. ಹತ್ತಿರವಿದ್ದ ಇವರ ಹಡಗೇ ಉರಿಯುವ ಹಡಗಿಗೆ ತೋಳು ದಪ್ಪದ ಹಗ್ಗ ಕಟ್ಟಿ ಹೊರಗೆಳೆಯಿತು. ಅರ್ಧ ದಾರಿ ಎಲ್ಲ ಸರಿಯಾಗಿಯೇ ನಡೆಯಿತು. ಬಂದರಿನ ಬಾಯಿಗೆ ಬಂದಾಗ ಗಾಳಿ ತಿರುಗಿತು. ಉರಿಯುತ್ತಿದ್ದ ಹಡಗು ಅಡ್ಡಕ್ಕೆ ಸರಿದು ಹಗ್ಗ ಹಿಂದಿನಿಂದ ಪಕ್ಕಕ್ಕೆ ಬಂತು, ಗಸ್ತು ಹಡಗನ್ನು ಕಿವಿ ಹಿಂಡಿದ ಹಾಗೆ ಒಂದು ಮಗ್ಗುಲಿಗೆ ವಾಲಿಸಿತು. ಡೆಕ್ಕಿನ ಮೇಲೆ ನೀರು ನುಗ್ಗಿತು.

ಹಡಗಿನ ಹಿಂತುದಿಯಲ್ಲಿ ಹಗ್ಗದ ಕಾವಲಿಗಿದ್ದವನು ಮೂವತ್ತು ವರ್ಷದ ನಾವಿಕ. ಮುಂದೆ ಹಡಗಿನವರೆಲ್ಲ ಕೊಚ್ಚಣ್ಣ ಎಂದು ಕರೆದದ್ದು ಅವನನ್ನೇ. ಅವನ ಕಿವಿಗೆ ಫೋನು, ಫೋನಿನ ಇನ್ನೊಂದು ತುದಿ ಕ್ಯಾಪ್ಟನ್ನರ ಕೈಯಲ್ಲಿ.

"ಕಡೀಲಾ ಸಾರ್?" ಎಂದು ಅವನು ಕೇಳಿದ.

"ಬೇಡ. ಹಿಡ್ಕೋ," ಎಂದರು ಇವರು. ಹಗ್ಗ ಬಿಟ್ಟರೆ ಬೆಂಕಿ ತೇಲಿಕೊಂಡು ಮತ್ತೆ ಟ್ಯಾಂಕುಗಳ ಕಡೆಗೇ ಹೋದರೆ? ಹಿಡಿದರೆ ತಮ್ಮ ಹಡಗು. ಅತ್ತ ದರಿ, ಇತ್ತ ಪುಲಿ. ಮೂರು ಸಲ ಅವನು ಕೇಳಿದ, ಮೂರು ಸಲವೂ ಇವರು ಅದನ್ನೇ ಹೇಳಿದರು. ಮೂರನೆಯ ಸಲ ಅವರಿಗೆ ಬೇರೆ ಯಾವ ಮಾತೂ ನೆನಪಿಗೆ ಬರುತ್ತಿರಲಿಲ್ಲ. ಗಾಳಿ, ಬೆಂಕಿಯ ಆರ್ಭಟದಲ್ಲಿ ಒಳಗೆ ಚುಕ್ಕಾಣಿ ಹಿಡಿದವನಿಗೂ ಅದು ಕೇಳಿಸಲಿಲ್ಲ. "ಹಡಗು ಮಗುಚುತ್ತೆ ಸಾರ್," ಎಂದು ಕೊಚ್ಚಣ್ಣ ಫೋನು ಕೆಳಗಿಟ್ಟ. ಕೊಡಲಿ ತೆಗೆದುಕೊಂಡ.

ಹಡಗು ಎದ್ದು ನಿಂತಿತು. ಉರಿಯುವ ಹಡಗು ಟ್ಯಾಂಕುಗಳ ಕಡೆಗೆ ಹೋಗಲಿಲ್ಲ. ಎದುರು ದಡದ ಮರಳ ದಿಬ್ಬಕ್ಕೆ ಹತ್ತಿ ಎರಡು ದಿನ ಒಂಟಿಯಾಗಿ ಉರಿದು ಆರಿತು.

"ಮಾರನೇ ದಿನ ವಿಚಾರಣೆ," ಎಂದರು ಕ್ಯಾಪ್ಟನ್. "ಮೂರು ಜನ ದೊಡ್ಡವರು. ಹಗ್ಗ ಕಡಿಯೋಕೆ ಹೇಳಿದ್ದು ಯಾರು ಅಂದ್ರು. ನಾನು ಅಂದೆ. ಅವನು ತಾನಾಗಿ ಕಡಿದ ಅಂದಿದ್ರೆ, ಆಜ್ಞೆ ಮೀರಿದ್ದಕ್ಕೆ ಅವನನ್ನ ಜೈಲಿಗೆ ಹಾಕಿ ಕೆಲಸದಿಂದ ಕಿತ್ತು ಹಾಕ್ತಿದ್ರು."

"ಸರಿ ಮತ್ತೆ. ಅವನನ್ನ ಉಳಿಸೋಕೆ ಒಂದು ಸುಳ್ಳು ಹೇಳಿದ್ರಿ. ಅದಕ್ಯಾಕೆ ಇಷ್ಟು ಸಂಕಟ?"

"ಅದೇ ಗೊತ್ತಾಗ್ತಿಲ್ಲ ಕಣೇ. ಅವನನ್ನ ಉಳಿಸೋಕೆ ಹೇಳಿದ್ನೋ, ನನ್ನ ಉಳಿಸ್ಕೊಳ್ಳೋಕೆ ಹೇಳಿದ್ನೋ. ಎರಡಕ್ಕೂ ಒಂದೇ ಮಾತು ಸಾಕಾಯ್ತು. ಎರಡು ತಿಂಗಳಿಗೆ ಪದಕ ಬಂತು. ಆಗಲಾದ್ರೂ ಬಾಯಿ ಬಿಡಬಹುದಿತ್ತು."

ಹೆಂಡತಿ ಎದ್ದು ಒಂದು ಲೋಟ ನೀರು ತಂದು ಅವರ ಕೈಗಿಟ್ಟರು. ಆಮೇಲೆ, "ಆ ಪುಣ್ಯಾತ್ಮ ಈಗ ಎಲ್ಲಿದ್ದಾನೆ?" ಎಂದು ಕೇಳಿದರು. ಕ್ಯಾಪ್ಟನ್ನರಿಗೆ ಗೊತ್ತಿರಲಿಲ್ಲ.

ಮಾರನೆಯ ದಿನವೇ ಅವರು ನೌಕಾಪಡೆಯ ದಾಖಲೆ ಕಚೇರಿಗೆ ಹೋದರು. ಕಿರಿದಾದ ಕೋಣೆ, ಸೂರಿನವರೆಗೆ ಕಡತಗಳು, ನಡುವೆ ಕನ್ನಡಕದ ಗುಮಾಸ್ತ. ಕ್ಯಾಪ್ಟನ್ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಅವನು ತಾಳ್ಮೆಯಿಂದ ಕೇಳಿ ತಲೆ ಕೆರೆದುಕೊಂಡ.

"ಪದಕ ಕಳೆದ್ರೆ ಒಂದು ನಮೂನೆ ಇದೆ ಸಾರ್. ಮುರಿದ್ರೆ ಒಂದಿದೆ. ಸತ್ತ ಮೇಲೆ ಮನೆಯವರಿಗೆ ಕಳಿಸೋಕೂ ಇದೆ. ‘ಇದು ನನ್ನದಲ್ಲ’ ಅನ್ನೋದಕ್ಕೆ ನಮೂನೆ ಇಲ್ಲ."

"ಬಿಳಿ ಹಾಳೇಲಿ ಬರೆದುಕೊಡ್ತೀನಿ."

"ಬರೀಬಹುದು. ಆದ್ರೆ ನಿಮ್ಮ ಹೆಸರು ಹೊಡೆದು ಹಾಕಿದ್ರೆ ಆ ನಾವಿಕನ ಕಡತದಲ್ಲಿ ‘ಆಜ್ಞೆ ಮೀರಿ’ ಅಂತ ಸೇರಿಸ್ಬೇಕಾಗುತ್ತೆ. ಇಷ್ಟು ವರ್ಷದ ಮೇಲೆ ಶಿಕ್ಷೆ ಗಿಕ್ಷೆ ಆಗಲ್ಲ ಬಿಡಿ. ಆದ್ರೂ ಕಾಗದದ ಮೇಲೆ ಅದು ಅವರಿಗೆ ಮಸಿಯೇ. ಅವರನ್ನ ಒಂದು ಮಾತು ಕೇಳಿದ್ದೀರಾ?"

ಗುಮಾಸ್ತನ ಪ್ರಶ್ನೆಯಲ್ಲಿ ಯಾವ ಕೊಂಕೂ ಇರಲಿಲ್ಲ. ಆದರೂ ಕ್ಯಾಪ್ಟನ್ನರಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಆ ದಿನವೂ ಕೇಳಿರಲಿಲ್ಲ, ಈ ದಿನವೂ ಕೇಳಿಲ್ಲ.

ಆ ಗಸ್ತು ಹಡಗಿನಲ್ಲಿದ್ದವರು ವರ್ಷಕ್ಕೊಂದು ಭಾನುವಾರ ಒಟ್ಟು ಸೇರುವ ರೂಢಿಯಿತ್ತು. ಕ್ಯಾಪ್ಟನ್ ತಪ್ಪದೆ ಹೋಗುತ್ತಿದ್ದರು. ಕೊಚ್ಚಣ್ಣ ಒಮ್ಮೆಯೂ ಬಂದಿರಲಿಲ್ಲ. ಆದರೂ ವಿಳಾಸಗಳ ಪಟ್ಟಿಯಲ್ಲಿ ಅವನ ಹೆಸರಿತ್ತು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಹೆಂಡತಿಯೂ ಹೊರಟರು. "ನೀವೊಬ್ಬರೇ ಹೋದ್ರೆ ಅವನ ಬಾಗಿಲ ತನಕ ಹೋಗಿ ಚಿಲಕ ನೋಡಿ ವಾಪಸ್ ಬರ್ತೀರಿ," ಎಂದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವರು ತಲುಪಿದ್ದು ಒಂದು ಉದ್ದನೆಯ ತಗಡಿನ ಶೆಡ್ಡಿಗೆ. ಶಾಲೆಯ ಆಟದ ಮೈದಾನಗಳಲ್ಲಿ ಮಕ್ಕಳು ಹತ್ತಿ ಇಳಿಯುವ ಹಗ್ಗದ ಬಲೆಗಳನ್ನು ಅಲ್ಲಿ ಹೆಣೆಯುತ್ತಿದ್ದರು. ನೀಲಿ, ಕೆಂಪು ಹಗ್ಗದ ಸುರುಳಿಗಳ ನಡುವೆ ನೆಲದ ಮೇಲೆ ಕೂತಿದ್ದವನು ತಲೆಯೆತ್ತಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಗಳು ಮಾತ್ರ ಹಾಗೇ ಇದ್ದವು.

"ಸಾರ್," ಎಂದು ಎದ್ದು ನಿಂತ. ನಗಲಿಲ್ಲ. "ಬನ್ನಿ. ಬನ್ನಿ ಅಮ್ಮಾ. ಮಗಳೇ, ಎರಡು ಕುರ್ಚಿ ತಗೊಂಡು ಬಾ."

ವ್ಯವಹಾರ ನೋಡಿಕೊಳ್ಳುತ್ತಿದ್ದ ಮಗಳು ಕುರ್ಚಿ ತಂದಿಟ್ಟು, ಹೋಗದೆ ಅಲ್ಲೇ ಬಲೆಯ ಒಂದು ಮೂಲೆ ಹಿಡಿದು ಕೂತಳು. ಕುಶಲ ವಿಚಾರಿಸಿದ್ದಾಯಿತು. ಕ್ಯಾಪ್ಟನ್ ಎದ್ದರು, ಕೂತರು. ಜೇಬಿನಿಂದ ಪದಕದ ಡಬ್ಬಿ ತೆಗೆದು ಅವನ ಮುಂದಿಟ್ಟರು.

"ಇದು ನಿಂದು ಕೊಚ್ಚಣ್ಣ. ಮೂವತ್ತೊಂದು ವರ್ಷ ತಡ ಮಾಡಿದೆ."

ಅವನು ಡಬ್ಬಿ ಮುಟ್ಟಲಿಲ್ಲ. "ನೀವೂ ಹಾಗೇ ಕರೀತೀರಾ ಸಾರ್?"

"ಎಲ್ಲರೂ ಕರೀತಿದ್ರಲ್ಲ. ಕೊಡಲಿಯಿಂದ ಹಗ್ಗ ಕೊಚ್ಚಿದವನು ಅಂತ ಅಭಿಮಾನಕ್ಕೆ ಇಟ್ಟ ಹೆಸರು..."

"ಅಭಿಮಾನಕ್ಕಾ?" ಈಗ ಅವನು ನಕ್ಕ. ಆ ನಗು ಚೆನ್ನಾಗಿರಲಿಲ್ಲ. "ಹಗ್ಗ ಕೊಚ್ಚಿದ್ದಕ್ಕಲ್ಲ ಸಾರ್ ಆ ಹೆಸರು. ಕೊಚ್ಚಿಕೊಂಡಿದ್ದಕ್ಕೆ. ಬಡಾಯಿ ಕೊಚ್ಚಿಕೊಂಡಿದ್ದಕ್ಕೆ."

ಕ್ಯಾಪ್ಟನ್ನರಿಗೆ ಅರ್ಥವಾಗಲಿಲ್ಲ.

"ಹಗ್ಗ ಕಡಿದ ದಿನ ಸಂಜೆ ಊಟದ ಕೋಣೇಲಿ ಎಲ್ಲರಿಗೂ ಹೇಳಿದ್ದೆ. ಕ್ಯಾಪ್ಟನ್ ಬೇಡ ಅಂದ್ರು, ನಾನೇ ಕಡಿದೆ, ನಾಳೆ ಜೈಲಿಗೆ ಹೋದ್ರೂ ಚಿಂತೆ ಇಲ್ಲ ಅಂತ. ಎಲ್ಲ ನನ್ನ ಬೆನ್ನು ತಟ್ಟಿದ್ರು. ಬೆಳಗ್ಗೆ ವಿಚಾರಣೆ ಕೋಣೆ ಹೊರಗೆ ನೀವು ಬಂದು ಏನಂದ್ರಿ? ‘ನಾನು ಹೇಳಿದೆ ಅಂತ ಹೇಳಿದ್ದೀನಿ, ನೀನೂ ಹಾಗೇ ಹೇಳು.’ ಹೇಳಿದೆ. ಆ ವರದೀನ ಎಲ್ಲರ ಮುಂದೆ ಓದಿದ್ರು. ಕ್ಯಾಪ್ಟನ್ನರ ಆಜ್ಞೆಯಂತೆ ನಾವಿಕನು ಹಗ್ಗ ಕಡಿದನು, ಕೆಳಗೆ ನನ್ನದೇ ಸಹಿ. ನಿನ್ನೆ ಒಂದು ಮಾತು, ಇವತ್ತು ಒಂದು ಮಾತು. ಅವತ್ತಿಂದ ಕೊಚ್ಚಣ್ಣ. ‘ಕೊಚ್ಚಣ್ಣ, ಇವತ್ತು ಯಾವ ಹಡಗು ಉಳಿಸಿದೆ?’ ‘ಕೊಚ್ಚಣ್ಣ, ಸಮುದ್ರ ನೀನೇ ತುಂಬಿಸಿದ್ದಾ?’ ಬೇರೆ ಹಡಗಿಗೆ ಹೋದೆ, ಹೆಸರು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಮೂರು ವರ್ಷ ತಡ್ಕೊಂಡೆ. ಆಮೇಲೆ ಬಿಟ್ಟು ಬಂದೆ."

ಬಲೆಯ ಮೂಲೆ ಹಿಡಿದಿದ್ದ ಮಗಳ ಕೈ ನಿಂತಿತ್ತು. "ಅಪ್ಪ," ಎಂದಳು. "ಹಾಗಾದ್ರೆ ಅದು ನಿಜಾನಾ?"

ಅವನು ಬಲೆಯ ಗಂಟೊಂದನ್ನು ಬಿಗಿಮಾಡಿದ.

"ನಾವು ಚಿಕ್ಕವರಿದ್ದಾಗ ಅಪ್ಪ ಇದನ್ನ ಹೇಳೋರು," ಎಂದಳು ಅವಳು, ಕ್ಯಾಪ್ಟನ್ನರ ಹೆಂಡತಿಯ ಕಡೆ ತಿರುಗಿ. "ನಾನೂ ನನ್ನ ತಮ್ಮನೂ ನಗ್ತಿದ್ವಿ. ಅಮ್ಮ ಸುಮ್ನಿರಿ ಅನ್ನೋರು, ಆಮೇಲೆ ಅವರೂ ನಗೋರು. ಒಂದಿನ ಅಪ್ಪ ಹೇಳೋದನ್ನೇ ನಿಲ್ಲಿಸಿಬಿಟ್ರು." ಅಷ್ಟು ಹೇಳಿ ಅವಳು ಎದ್ದು ಶೆಡ್ಡಿನ ಆ ತುದಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತಳು.

ಕ್ಯಾಪ್ಟನ್ ಕುರ್ಚಿಯಿಂದ ಮತ್ತೆ ಎದ್ದರು. "ನಿನ್ನ ಒಳ್ಳೇದಕ್ಕೆ ಅಂದ್ಕೊಂಡಿದ್ದೆ," ಎಂದರು. ಹೇಳುವಾಗಲೇ ಆ ಮಾತು ಹಳಸಿದೆ ಅನ್ನಿಸಿತು.

"ಇರಬಹುದು ಸಾರ್. ನಾನು ಬೈತಾ ಇಲ್ಲ. ನೀವು ನಿಜ ಹೇಳಿದ್ರೆ ನಾನು ಜೈಲಲ್ಲಿರ್ತಿದ್ದೆ, ಅದೂ ಗೊತ್ತು. ಆದ್ರೆ ಹಿಂದಿನ ದಿನ ನಿಮ್ಮ ಮಾತು ಮೀರಿದೆ, ಹಡಗು ಉಳೀತು. ಮಾರನೇ ದಿನ ನಿಮ್ಮ ಮಾತು ಕೇಳಿದೆ, ನಾನು ಮುಳುಗಿದೆ." ಅವನು ಡಬ್ಬಿಯನ್ನು ಮೆಲ್ಲಗೆ ಇವರ ಕಡೆ ತಳ್ಳಿದ. "ಇದು ನಂಗ್ಯಾಕೆ? ಅಂಚಲ್ಲಿ ನಿಮ್ಮ ಹೆಸರು ಕೆತ್ತಿದೆ. ನಾನಿದನ್ನ ಇಟ್ಕೊಂಡ್ರೆ ಕಳ್ಳ ಅಂತಾರೆ. ಬಡಾಯಿಕೋರ ಅನ್ನಿಸ್ಕೊಂಡಿದ್ದೇ ಸಾಕು."

"ಮತ್ತೆ ನಾನೇನು ಮಾಡ್ಲಿ? ದಾಖಲೆ ಕಚೇರಿಗೆ ಬರೆದುಕೊಡಲಾ?"

"ಕಾಗದಕ್ಕೇನು ಗೊತ್ತು ಸಾರ್. ಅವತ್ತು ಆ ಊಟದ ಕೋಣೇಲಿ ಕೂತಿದ್ದೋರಲ್ಲಿ ಎಷ್ಟು ಜನ ಬದುಕಿದ್ದಾರೆ?"

"ಹನ್ನೊಂದು ಜನ ಸಭೆಗೆ ಬರ್ತಾರೆ."

"ಅವರಿಗೆ ಹೇಳಿ."

ವಾಪಸು ಬಸ್ಸಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅರ್ಧ ದಾರಿ ಕಳೆದ ಮೇಲೆ, "ಪಾಪ, ಆ ಹುಡುಗಿ," ಎಂದರು.

ಸಭೆಗೆ ಇನ್ನೂ ಎಂಟು ದಿನವಿತ್ತು. ಆ ಎಂಟು ದಿನ ಕ್ಯಾಪ್ಟನ್ ಮನೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ. ಭಾಷಣ ಬರೆದರು, ಹರಿದರು. ಮತ್ತೆ ಬರೆದರು. ಪ್ರತಿ ಸಲವೂ ಅದರಲ್ಲಿ ಎಲ್ಲೋ ಒಂದು ಕಡೆ ತಾವು ಒಳ್ಳೆಯವರಾಗಿ ಕಾಣುತ್ತಿದ್ದರು. ಎಷ್ಟು ಅಳಿಸಿದರೂ ಆ ಒಳ್ಳೆಯತನ ಇನ್ನೊಂದು ವಾಕ್ಯದಲ್ಲಿ ತಲೆಯೆತ್ತುತ್ತಿತ್ತು. ಕೊನೆಗೆ ಕೈಯಲ್ಲಿ ಕಾಗದವಿಲ್ಲದೆಯೇ ಹೋದರು.

ವಾಚನಾಲಯದ ಮಹಡಿಯ ಮೇಲಿನ ಕೋಣೆ. ಹನ್ನೊಂದು ಜನ, ಕೆಲವರ ಹೆಂಡತಿಯರು, ಉದ್ದನೆಯ ಮೇಜು, ಚಹಾ. ಯಾರ ಮೊಣಕಾಲು ಬದಲಾಯಿತು, ಯಾರ ಮೊಮ್ಮಗು ನಡೆಯಿತು ಎಂಬ ಮಾತುಗಳು. ಚಹಾ ಮುಗಿಯುವುದಕ್ಕೆ ಮೊದಲೇ ಕ್ಯಾಪ್ಟನ್ ಎದ್ದು ನಿಂತು ಹೇಳಿಬಿಟ್ಟರು. ಫೋನಿನಲ್ಲಿ ಆಡಿದ ಮಾತು, ಮೂರು ಸಲ ಬೇಡ ಎಂದದ್ದು, ವಿಚಾರಣೆ ಕೋಣೆಯ ಹೊರಗೆ ಹೇಳಿಕೊಟ್ಟದ್ದು.

ಆಮೇಲೆ ಹಳೆಯ ಅಡುಗೆಯವನು ಕಣ್ಣೊರೆಸಿಕೊಂಡು ಎದ್ದ. "ನೋಡಿ, ಇದಕ್ಕೇ ನಾವು ನಮ್ಮ ಸಾರನ್ನ ದೇವರು ಅನ್ನೋದು. ಒಬ್ಬ ನಾವಿಕನ ಮಾನ ಉಳಿಸೋಕೆ ತಮ್ಮ ಪದಕವನ್ನೇ ಬಿಟ್ಟುಕೊಡ್ತಿದ್ದಾರೆ!" ಎಲ್ಲರೂ ಚಪ್ಪಾಳೆ ತಟ್ಟಿದರು.

"ನಿಲ್ಲಿಸ್ರಯ್ಯ!" ಎಂದು ಕ್ಯಾಪ್ಟನ್ ಮೇಜು ಗುದ್ದಿದರು. ಲೋಟಗಳು ಕುಣಿದವು. "ದೊಡ್ಡತನ ಅಲ್ಲ ಇದು. ನಂಗೆ ಅವತ್ತು ಕೈಕಾಲು ಆಡಲಿಲ್ಲ. ಹೆದರಿದ್ದೆ. ನನ್ನ ಮಾತು ಕೇಳಿದ್ರೆ ನೀವು ಯಾರೂ ಇಲ್ಲಿ ಕೂತು ಚಹಾ ಕುಡೀತಿರ್ಲಿಲ್ಲ. ಅರ್ಥ ಆಗುತ್ತಾ?"

ಚಪ್ಪಾಳೆ ನಿಂತಿತು. ಮೇಜಿನ ಆ ತುದಿಯಲ್ಲಿದ್ದ ಇಂಜಿನ್ ಮೇಸ್ತ್ರಿ ಲೋಟ ಕೆಳಗಿಟ್ಟರು. ಎಪ್ಪತ್ತಾರು ದಾಟಿದ, ಕಡಿಮೆ ಮಾತಿನ ಮನುಷ್ಯ. ಆ ದಿನ ಹಡಗಿನ ತಳದಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು.

"ನಿಜ ಹೇಳ್ತಿದ್ದಾರೆ," ಎಂದರು. "ಹಗ್ಗ ಕಡಿಸೋ ಕ್ಯಾಪ್ಟನ್ ಮೊದಲು ಇಂಜಿನ್ ನಿಲ್ಲಿಸಿ ಅಂತ ಗಂಟೆ ಹೊಡೀತಾನೆ. ಓಡ್ತಿರೋ ಇಂಜಿನ್ ಇಟ್ಕೊಂಡು ಯಾರೂ ಕಡಿಸಲ್ಲ. ಅವತ್ತು ಗಂಟೆ ಬಂದಿದ್ದು ಹಡಗು ಎದ್ದು ನಿಂತ ಮೇಲೆ. ಹೊತ್ತು ನಾನೇ ಪುಸ್ತಕದಲ್ಲಿ ಬರೆದಿದ್ದೆ. ಆಜ್ಞೆ ಕೊಟ್ಟವರು ಗಂಟೆ ಯಾಕೆ ಹೊಡೀಲಿಲ್ಲ ಅಂತ ಅವತ್ತೇ ಅನ್ನಿಸ್ತು."

"ಅನ್ನಿಸಿದ್ರೆ ಕೇಳಬಾರದಿತ್ತೇನಪ್ಪಾ?" ಎಂದರು ಕ್ಯಾಪ್ಟನ್ನರ ಹೆಂಡತಿ.

"ಕ್ಯಾಪ್ಟನ್ನರನ್ನ ಕೇಳೋ ಜಾಗ ನಂದಲ್ಲ ಅಂತ ಸುಮ್ಮನಾದೆ ತಾಯಿ." ಮೇಸ್ತ್ರಿ ತಮ್ಮ ಅಂಗೈಯನ್ನೇ ನೋಡಿಕೊಂಡರು. "ಆದ್ರೆ ಅವನನ್ನ ಕೊಚ್ಚಣ್ಣ ಅಂತ ಮೊದಲು ಕರೆದವನು ನಾನೇ. ಅದಕ್ಕೆ ಜಾಗ ಇತ್ತು."

ಆ ಮೇಲೆ ಚಹಾ ಯಾರಿಗೂ ಸೇರಲಿಲ್ಲ. ಅಡುಗೆಯವನು ಹೋಗುವಾಗ ಕ್ಯಾಪ್ಟನ್ನರಿಗೆ ಮುಖ ಕೊಡಲಿಲ್ಲ. ಇನ್ನೊಬ್ಬ, ಎಂದೂ ಕೈ ಮುಗಿಯದೆ ಹೊರಡದವನು, ಮುಗಿಯದೆ ಹೊರಟ. ದೇವರೆನಿಸಿಕೊಂಡದ್ದಕ್ಕಿಂತ ಅದು ಸಹಿಸಲು ಸುಲಭವಾಗಿತ್ತು, ಆದರೆ ಬಹಳ ಸುಲಭವಾಗಿಯೇನೂ ಇರಲಿಲ್ಲ.

ಸಂಗ್ರಹಾಲಯದ ಮೇಡಂ ಮತ್ತೆ ಬಂದಾಗ ಕ್ಯಾಪ್ಟನ್ ಆರು ಪದಕ ಕೊಟ್ಟರು. ಏಳನೆಯದರ ಪ್ರಶಸ್ತಿ ಪತ್ರ ಬದಲಿಸಲು ಬರುವುದಿಲ್ಲ ಎಂದು ಅವಳು ಹೇಳಿದ್ದಕ್ಕೆ, ಹಾಗಿದ್ದರೆ ಅದೂ ಬೇಡ, ಪದಕವೂ ಬೇಡ ಎಂದರು. ಅವಳು ಬೇಸರದಿಂದಲೇ ಒಪ್ಪಿ, ಬೋರ್ಡಿನಲ್ಲಿ ನೀರಿನಡಿಯ ಬಂಡೆಯ ಕತೆಯನ್ನು ದೊಡ್ಡದಾಗಿ ಬರೆಸಿದಳು.

ಇನ್ನೆರಡು ವಾರ ಬಿಟ್ಟು ಒಂದು ಬೆಳಗ್ಗೆ ಫೋನು ಬಂತು. ಕೊಚ್ಚಣ್ಣ. ಕ್ಯಾಪ್ಟನ್ ಅವನ ನಿಜವಾದ ಹೆಸರು ಹಿಡಿದು ಕರೆದರು. ಅದು ನಾಲಿಗೆಗೆ ಹೊಸದಾಗಿತ್ತು.

"ಮೇಸ್ತ್ರಿ ಬಂದಿದ್ರು ಸಾರ್, ಇನ್ನೂ ಮೂರು ಜನರನ್ನ ಕಟ್ಟಿಕೊಂಡು. ಇಡೀ ದಿನ ಇದ್ರು. ಮಗಳ ಮುಂದೆ ಎಲ್ಲ ಹೇಳಿದ್ರು."

"ಮಗಳು ಏನಂದ್ಲು?"

"ಅವಳು ಅವತ್ತಿಂದ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಯಾಕೆ ಹೇಳೋದು ನಿಲ್ಲಿಸಿದೆ, ನಾವು ನಂಬೋ ತನಕ ಹೇಳ್ಬೇಕಿತ್ತು ಅಂತ. ನಂಗೆ ಎಲ್ಲಾ ಮರೆತು ಹೋಯ್ತು ಅಂತ ಅಂದ್ಕೋಬೇಡಿ ಸಾರ್. ಅದೆಲ್ಲ ಮರೆಯೋದಲ್ಲ. ಆದ್ರೆ ಮುಂದಿನ ವರ್ಷ ಸಭೆಗೆ ಬರ್ತೀನಿ. ನೀವೂ ಬನ್ನಿ. ಭಾಷಣ ಮಾತ್ರ ಮಾಡ್ಬೇಡಿ."

ಬಂದ. ಹೆಂಡತಿ, ಮಗಳು, ಮಗ, ಸೊಸೆ ಎಲ್ಲರನ್ನೂ ಕರೆದುಕೊಂಡು ಬಂದ. ವಾಚನಾಲಯದ ಮಹಡಿಯಲ್ಲಿ ಆ ವರ್ಷ ಕುರ್ಚಿ ಸಾಲಲಿಲ್ಲ. ಮೇಸ್ತ್ರಿ ಅವನನ್ನು ಮೇಜಿನ ನಡುವೆ ಕೂರಿಸಿ, "ಈಗ ಹೇಳಪ್ಪಾ, ಮೊದಲಿಂದ," ಎಂದರು. ಅವನು ಮೊದಮೊದಲು ತಡವರಿಸಿದ. ಆಮೇಲೆ ಕಾಲು ಗಂಟೆಯೊಳಗೆ ಎದ್ದು ನಿಂತು ಎರಡೂ ಕೈಯಲ್ಲಿ ಇಲ್ಲದ ಕೊಡಲಿ ಎತ್ತಿದ್ದ. ಮೊದಲ ಏಟಿಗೆ ಕೊಡಲಿ ಚೆಂಡಿನ ಹಾಗೆ ಪುಟಿದು ವಾಪಸು ಬಂದದ್ದು, ಕಾಲಡಿಯ ನೀರಿನಲ್ಲಿ ಜಾರಿ ಬಿದ್ದದ್ದು, ಈಜು ಬರುತ್ತಿದ್ದರೂ ಆ ಕ್ಷಣ ಈಜುವುದು ಹೇಗೆಂದು ಮರೆತೇ ಹೋದದ್ದು, ಗಟ್ಟಿಯಾಗಿ ಅತ್ತದ್ದು. ತಾನು ಅತ್ತದ್ದನ್ನು ಹೇಳುವಾಗ ಮಗಳು ಅವನ ಅಂಗಿಯ ತುದಿ ಹಿಡಿದುಕೊಂಡಳು. ಮೇಜಿನ ಸುತ್ತ ಇದ್ದವರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರು.

ಕ್ಯಾಪ್ಟನ್ ಹಿಂದಿನ ಸಾಲಿನಲ್ಲಿ, ಹೆಂಡತಿಯ ಪಕ್ಕ ಕೂತಿದ್ದರು. ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ತಮ್ಮದೇ ಹಡಗು, ಕೂಗಳತೆಯ ದೂರದಲ್ಲಿ ನಡೆದದ್ದು. ಅಲ್ಲೇನಾಯಿತೆಂದು ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರಿಗೆ ತಡೆಯಲಾಗಲಿಲ್ಲ. ಕುರ್ಚಿಯ ಅಂಚಿಗೆ ಜರುಗಿ ಕೂತು ಕೇಳಿದರು:

"ಆಮೇಲೆ? ಎಷ್ಟನೇ ಏಟಿಗೆ ತುಂಡಾಯ್ತು?"